ಗಂಡಸರಿಗೆಲ್ಲಿಯ ಸೆರಗು

ನನ್ನ ಉಚ್ಚೆಯ ವಾಸನೆಯ ಬಗ್ಗೆ ಮಾತಾಡುವ ಹಕ್ಕು ಇಡೀ ಮನೆಗಿತ್ತು, ನನಗೊಬ್ಬಳಿಗೆ ಇರಲಿಲ್ಲ. ಮದುವೆಯಾಗಿ ಇಂಡಿ ತಾಲೂಕಿನ ಆ ಮನೆಗೆ ಹೋದಾಗ ನನಗೆ ಹದಿನೇಳು ನಡೆಯುತ್ತಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಬಾಗೇವಾಡಿ ಕಡೆಯ ನಮ್ಮ ಊರಿನಲ್ಲಿ ಅಷ್ಟು ಓದಿದ ಹುಡುಗಿ ಇನ್ನೊಬ್ಬಳಿರಲಿಲ್ಲ. ಆ ಜಂಬ ಗಂಡನ ಮನೆಯಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ ಬಿಡಿ. ಗಂಡ ಸೊಲ್ಲಾಪುರದ ಒಂದು ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಎರಡು ತಿಂಗಳಿಗೊಮ್ಮೆ ರೈಲು ಹತ್ತಿ ಬಂದು, ನಾಲ್ಕು ದಿನ ಇದ್ದು ಹೋಗುತ್ತಿದ್ದ. ಉಳಿದ ದಿನ ಮನೆಯಲ್ಲಿ ಅತ್ತೆ, ಮಾವ, ನಾನು.

ಆ ಮನೆಯ ಬಚ್ಚಲು ಪಡಸಾಲೆಯ ಮೂಲೆಯಲ್ಲಿತ್ತು. ಎದೆಮಟ್ಟದ ಗೋಡೆ, ಬಾಗಿಲಿಲ್ಲ. ಮಾವ ಅದೇ ಪಡಸಾಲೆಯಲ್ಲಿ ಹಾಸಿಗೆ ಹಾಕಿಕೊಂಡು ಹಗಲೆಲ್ಲ ಅಡ್ಡಾಗಿರುತ್ತಿದ್ದರು. ನಾನು ಅಲ್ಲಿ ಹೋಗಿ ಕೂತರೆ ಸಪ್ಪಳ ಅವರಿಗೆ ಕೇಳಿಸುತ್ತದೆ. ಹೊಸ ಸೊಸೆ, ಎಷ್ಟು ಸಲ ಹೋದಳು ಅನ್ನುವುದು ಕೂಡ ಗೊತ್ತಾಗುತ್ತದೆ. ಬಯಲಿಗೆ ಹೋಗೋಣವೆಂದರೆ ಅತ್ತೆಯ ಜೊತೆಯೇ ಹೋಗಬೇಕು, ಅದೂ ಬೆಳಗು ಹರಿಯುವ ಮುಂಚೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ. ನಡುವಿನ ಹೊತ್ತೆಲ್ಲ ತಡೆದುಕೊಳ್ಳಬೇಕು. ತಡೆದುಕೊಳ್ಳುವ ಸುಲಭದ ಉಪಾಯ ನಾನೇ ಕಂಡುಹಿಡಿದೆ: ನೀರು ಕುಡಿಯುವುದನ್ನು ಬಿಟ್ಟೆ. ಆ ಬಿಸಿಲಿನಲ್ಲಿ, ಖಡಕ್ ರೊಟ್ಟಿ, ಖಾರದ ಚಟ್ನಿ ತಿಂದು, ಇಡೀ ದಿನಕ್ಕೆ ಎರಡು ಚೆಂಬು ನೀರು. ಬುದ್ಧಿವಂತೆ ಅಂದುಕೊಂಡಿದ್ದೆ.

ಮಾವ ಹೊಲಕ್ಕೆ ಹೋದ ಅಪರೂಪದ ದಿನಗಳಲ್ಲಿ ಬಚ್ಚಲಿಗೆ ಹೋಗುತ್ತಿದ್ದೆ. ಮೂತ್ರ ಬೆಲ್ಲದ ನೀರಿನ ಬಣ್ಣಕ್ಕೆ ತಿರುಗಿತ್ತು, ವಾಸನೆ ಮೂಗಿಗೆ ಹತ್ತುತ್ತಿತ್ತು. ಒಂದು ದಿನ ಅತ್ತೆ ಅಡುಗೆಮನೆಯಿಂದಲೇ ಕೂಗಿದರು.

“ಏ ಹುಡುಗಿ, ಎರಡ ಚೆಂಬ ನೀರ ಸುರವಿ ಬರಬಾರದೇನ? ಕುದರಿ ಕಟ್ಟಿದಂಗ ನಾತ ಹೊಡ್ಯಾಕತ್ತೈತಿ!”

ಅಷ್ಟರಲ್ಲಿ ಹೊಲದಿಂದ ತಿರುಗಿ ಬಂದಿದ್ದ ಮಾವ ಬಾಗಿಲಲ್ಲೇ ನಿಂತು ನಕ್ಕರು. ನಾನು ಹೋಗಿ ನೀರು ಸುರಿದೆ. ಅವತ್ತಿನಿಂದ ಎರಡು ಚೆಂಬಿನಲ್ಲಿ ಒಂದನ್ನು ಕುಡಿಯುವ ಬದಲು ಬಚ್ಚಲಿಗೇ ಹಾಕತೊಡಗಿದೆ. ಈಗ ನೆನೆಸಿದರೆ ಸಿಟ್ಟು ಬರುತ್ತದೆ, ಅವರ ಮೇಲಲ್ಲ, ಆ ಹದಿನೇಳರ ಹುಡುಗಿಯ ಮೇಲೆ.

ಇನ್ನೊಂದು ಸಂಗತಿ ಬಿಳಿ ಹೋಗುವುದು. ನಮ್ಮ ಕಡೆ ಹೆಂಗಸರು ಅದಕ್ಕೆ ಬಿಳಿ ಸೆರಗು ಅನ್ನುತ್ತಾರೆ. ಹೆಸರು ಯಾರಿಟ್ಟರೋ, ಕೇಳಲು ಎಷ್ಟು ಮರ್ಯಾದೆಯಾಗಿದೆ ನೋಡಿ. ನಾನು ಮೈನೆರೆದಾಗ ಅವ್ವ ನನಗೆ ಹೇಳಿಕೊಟ್ಟಿದ್ದು ಮೂರೇ ಮಾತು: ಅಂಜಬೇಡ, ಬಟ್ಟೆ ಕಟ್ಟಿಕೋ, ಗಂಡಸರ ಕಣ್ಣಿಗೆ ಬೀಳದಂತೆ ಒಣಗಿಸು. ತಿಂಗಳ ನಡುವೆ ಒಂದೆರಡು ದಿನ ಲೋಳಸರದ ಲೋಳೆಯಂಥದ್ದು ಕಾಣಿಸಿಕೊಳ್ಳುತ್ತದೆ, ಅದು ಮೈಯ ಧರ್ಮ ಎಂದು ಯಾರೂ ಹೇಳಿರಲಿಲ್ಲ. ಅದನ್ನು ಕಂಡು ಮದುವೆಗೆ ಮುಂಚೆಯೇ ಎರಡು ವರ್ಷ ಸಾಯುತ್ತೇನೆಂದು ಹೆದರಿದ್ದೆ. ಸಾಯದೇ ಇದ್ದಾಗ ಅದಕ್ಕೆ ರೂಢಿಯಾದೆ. ಆದ್ದರಿಂದ ಮದುವೆಯಾದ ವರ್ಷದಲ್ಲಿ ಅದು ಬದಲಾದಾಗಲೂ, ಹಿಂದಿನ ಹಾಗೆ ತಾನೇ ಹೋದೀತೆಂದು ಸುಮ್ಮನಿದ್ದೆ.

ಅದು ತಾನೇ ಹೋಗಲಿಲ್ಲ. ಬಣ್ಣ ಹಳದಿಯಾಯಿತು, ಗಟ್ಟಿಯಾಯಿತು. ಸೀರೆಗೆ ಕಲೆ ಬೀಳುತ್ತಿತ್ತು. ವಾಸನೆ ಬೇರೆ. ಅದು ನೀರು ಕುಡಿಯದ ಮೂತ್ರದ ವಾಸನೆಯಲ್ಲ, ಕೆಟ್ಟ ಗಾಯದ ವಾಸನೆ. ಉಚ್ಚೆಗೆ ಕೂತರೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿ. ಕೆಳಹೊಟ್ಟೆಯಲ್ಲಿ ನೋವು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ಉರಿ ಜೋರಾದ ದಿನ ಇದ್ದಿಲಿನಿಂದ ಸಣ್ಣ ಚುಕ್ಕೆ ಇಡತೊಡಗಿದೆ. ಏಳೆಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹಾಳೆ ತಿರುವಿ ನೋಡಿದರೆ, ಗಂಡ ಊರಿಗೆ ಬಂದು ಹೋದ ಐದಾರು ದಿನಕ್ಕೇ ಪ್ರತಿ ಸಲ ಚುಕ್ಕೆ ಶುರುವಾಗಿತ್ತು. ಮುಲ್ಕಿ ಪಾಸಾದ ನನ್ನ ತಲೆಗೆ ಹೊಳೆದದ್ದು ಏನು ಗೊತ್ತೇ? ಸೊಲ್ಲಾಪುರದ ನೀರು ಅವನ ಮೈಗೆ ಹಿಡಿಸಿಲ್ಲ, ಆ ನೀರಿನ ಉಷ್ಣ ನನಗೆ ಹತ್ತುತ್ತಿದೆ ಅಂತ. ಪಾಪ, ಮಿಲ್ಲಿನಲ್ಲಿ ಅವನಿಗೆಷ್ಟು ತ್ರಾಸೋ ಎಂದು ಮರುಗಿದ್ದೆ ಬೇರೆ.

ಬಟ್ಟೆ ಒಗೆಯುವಾಗ ಕಲೆ ಕಂಡು ಅತ್ತೆಗೆ ಗೊತ್ತಾಯಿತು. “ಬಿಳಿ ಸೆರಗ ಐತಿ ನಿನಗ. ಉಷ್ಣ ಭಾಳ ಆಗೇತಿ” ಎಂದು ತೀರ್ಪು ಕೊಟ್ಟರು. ಅವರು ಕೆಟ್ಟವರೇನಲ್ಲ, ತಮಗೆ ಗೊತ್ತಿದ್ದನ್ನೆಲ್ಲ ಮಾಡಿದರು. ಕೊತ್ತಂಬರಿ ಬೀಜ ನೆನೆಸಿದ ನೀರು, ಮೆಂತ್ಯದ ನೀರು, ಲೋಳಸರ. ಅಕ್ಕಿ ತೊಳೆದ ನೀರು ಒಳ್ಳೆಯದೆಂದು ಯಾರೋ ಹೇಳಿದರು. ನಮ್ಮ ಜೋಳದ ನಾಡಿನಲ್ಲಿ ಹಬ್ಬಕ್ಕೊಮ್ಮೆ ಅನ್ನ ಕಾಣುವವರು ದಿನಾ ಅಕ್ಕಿ ಎಲ್ಲಿಂದ ತೊಳೆಯಬೇಕು? ಸಿಂದಗಿ ತಾಲೂಕಿನ ಯಂಕಂಚಿ ಕಡೆಯ ಒಬ್ಬ ಔಷಧಿಯ ಮುದುಕಿಯ ಹತ್ತಿರವೂ ಕರೆದುಕೊಂಡು ಹೋದರು. ಅವಳು ಕೊಟ್ಟ ಕಹಿ ಸೊಪ್ಪನ್ನು ಇಪ್ಪತ್ತೊಂದು ದಿನ ನುಂಗಿದೆ. ನಾಲಿಗೆ ಸತ್ತುಹೋಯಿತೇ ಹೊರತು ಉರಿ ಹೋಗಲಿಲ್ಲ.

ಕೊನೆಗೆ ತಾಲೂಕಿನ ದವಾಖಾನೆ. ಆಗ ರಾಜ್ಯ ಒಂದಾಗಿ ಸ್ವಲ್ಪ ದಿನವಾಗಿತ್ತು, ಮೈಸೂರು ಕಡೆಯ ಒಬ್ಬ ಡಾಕ್ಟರು ಬಂದಿದ್ದರು. ತರುಣರು, ಬಿಳಿ ಅಂಗಿ, ಮೆತ್ತಗಿನ ಮಾತು. ನಾನು ಸೆರಗು ಮುಖಕ್ಕೆ ಎಳೆದುಕೊಂಡು ಕೂತೆ. ಅತ್ತೆ ಗಂಡಸಿನ ಮುಂದೆ ಸೆರಗಿನ ಹೆಸರೆತ್ತದೆ, ಸುತ್ತು ಬಳಸಿ ಹೇಳಿದರು.

“ಬಿಳೇದು ಹೊರಗ ಹೋಗತೈತ್ರಿ ಆಕಿಗಿ. ನಾತಾನೂ ಬರತೈತ್ರಿ.”

“ಹೊರಗೆ ಹೋಗೋದು... ದಿನಕ್ಕೆ ಎಷ್ಟು ಸಲ ಆಗತ್ತೆ?”

“ಎಷ್ಟ ಸಲ ಅಂತ ಹೆಂಗ ಹೇಳೂದ್ರಿ, ಇಡೀ ದಿನಾ ಇರತೈತ್ರಿ.”

“ಹೊಟ್ಟೆನೋವು ಇದೆಯಾ?”

“ಐತ್ರಿ, ಐತ್ರಿ.”

ಅವರು ತಲೆಯಾಡಿಸಿದರು. “ಇದು ಆಮಶಂಕೆ ಕಣಮ್ಮ. ನೊಣ ಕೂತಿದ್ದು ತಿನ್ನಬಾರದು, ನೀರು ಕಾಯಿಸಿ ಕುಡಿಸಿ” ಎಂದು ಭೇದಿಗೆ ಗುಳಿಗೆ ಬರೆದುಕೊಟ್ಟರು. ಬಯಲಿಗೆ ಹೋಗುವುದಕ್ಕೂ ನಮ್ಮ ಕಡೆ ಹೊರಗೆ ಹೋಗುವುದು ಅಂತಲೇ ಅನ್ನುತ್ತೇವೆ, ಅವರು ಹಾಗೆ ತಿಳಿದದ್ದರಲ್ಲಿ ಅವರ ತಪ್ಪೇನಿಲ್ಲ. ಅತ್ತೆಗೆ ತಪ್ಪಾಗಿದ್ದು ಗೊತ್ತೇ ಆಗಲಿಲ್ಲ. ನನಗೆ ಗೊತ್ತಾಯಿತು. ಸೆರಗಿನೊಳಗೆ ಕೂತು ಎಲ್ಲ ಕೇಳಿಸಿಕೊಂಡೆ. ‘ಅಲ್ರೀ ಡಾಕ್ಟರ, ಅದಲ್ಲ’ ಅನ್ನಲು ಮೂರು ಶಬ್ದ ಸಾಕಿತ್ತು. ಆದರೆ ‘ಅದಲ್ಲ’ ಅಂದರೆ ‘ಮತ್ತೇನು’ ಎಂದು ಕೇಳುತ್ತಾರಲ್ಲ! ಏಳು ಇಯತ್ತೆಗಳಲ್ಲಿ ಮೈಯ ಆ ಭಾಗಕ್ಕೆ ಒಂದು ಹೆಸರನ್ನು ಯಾರೂ ನನಗೆ ಕಲಿಸಿರಲಿಲ್ಲ. ಒಂದು ತಿಂಗಳು ಭೇದಿಯ ಗುಳಿಗೆ ನುಂಗಿ ಮಲಬದ್ಧತೆ ಬರಿಸಿಕೊಂಡೆ.

ಮೂರು ವರ್ಷವಾಯಿತು. ಬಸಿರು ನಿಲ್ಲಲಿಲ್ಲ. ಓಣಿಯ ಹೆಂಗಸರು ರೊಟ್ಟಿ ಬಡಿಯುತ್ತ ಕೂತಾಗ, “ಬಿಳಿ ಸೆರಗ ಇದ್ದಾಕಿಗಿ ಕೂಸ ನಿಲ್ಲಂಗಿಲ್ಲವ್ವಾ” ಎಂದು ನನಗೆ ಕೇಳುವಂತೆಯೇ ಆಡಿಕೊಂಡರು. ಅತ್ತೆ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ತೆಗೆದರು. ನನ್ನೆದುರಿಗೇ ತೆಗೆದರು, ಮುಚ್ಚುಮರೆ ಏನಿಲ್ಲ. ಆ ವರ್ಷ ಪಂಚಮಿಗೆ ತವರಿಗೆ ಹೋದವಳು ಅವ್ವನ ಮುಂದೆ ಕೂತು ಅತ್ತುಬಿಟ್ಟೆ. ಎಲ್ಲ ಬಿಚ್ಚಿ ಹೇಳಿದೆ. ಅವ್ವ ಮೊದಲು ಬಾಯಿಗೆ ಸೆರಗು ಹಿಡಿದುಕೊಂಡಳು, ಮರುದಿನ ನನ್ನನ್ನು ಬಾಗೇವಾಡಿಗೆ ಕರೆದುಕೊಂಡು ಹೋದಳು.

ಅಲ್ಲಿ ಒಬ್ಬ ನರ್ಸಬಾಯಿ ಇದ್ದರು. ನಡುವಯಸ್ಸು, ದಪ್ಪ ಕನ್ನಡಕ, ಬಾಯಿ ಜೋರು. ಗಂಡಸರನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿ ನೋಡಿದರು. ಆಮೇಲೆ ಕೈ ತೊಳೆಯುತ್ತ ಕೇಳಿದರು, “ದಿನಕ್ಕ ಎಷ್ಟ ನೀರ ಕುಡೀತಿ?” ಹೇಳಿದೆ. “ಯವ್ವಾ, ಒಂಟಿಗಿಂತ ಕಡಿಮಿ!” ಅಂದರು. ಅವ್ವ ನಕ್ಕಳು, ನನಗೂ ನಗು ಬಂತು. ಮೂರು ವರ್ಷದಲ್ಲಿ ಆ ವಿಷಯಕ್ಕೆ ನಕ್ಕಿದ್ದು ಅದೇ ಮೊದಲು.

“ನೋಡ ತಂಗಿ,” ಎಂದು ಅವರು ಸ್ಟೂಲು ಎಳೆದುಕೊಂಡು ನನ್ನೆದುರಿಗೆ ಕೂತರು. “ನೀರು ಕುಡೀಲಿಲ್ಲಂದ್ರ ಉಚ್ಚಿ ಹಳದಿ ಆಗತೈತಿ, ಘಾಟ ಹೊಡೀತೈತಿ. ನಾಕ ತಂಬಿಗಿ ನೀರ ಕುಡದ್ರ ಅದು ಹೋಗತೈತಿ. ನೀರು ಕುಡದ್ರೂ ನಾತ ಹೋಗಲಿಲ್ಲಂದ್ರ, ಉರಿ ಇದ್ರ, ಕದಡಿದಂಗ ಇದ್ರ ಅದು ರೋಗ. ಅದರಂಗ ಬಿಳೇದೂ. ಎಲ್ಲಾ ಹೆಣ್ಣಮಕ್ಕಳಿಗೂ ಹೋಗತೈತಿ, ನನಗೂ ಹೋಗತೈತಿ. ತಿಂಗಳ ನಡುವ ತೆಳ್ಳಗ, ಲೋಳಿಯಂಗ. ಮುಂದ ಸ್ವಲ್ಪ ದಪ್ಪ. ನಾತ ಇಲ್ಲ, ತುರಕಿ ಇಲ್ಲ, ಅಂದ್ರ ಸುಮ್ಮನ ಇರು. ಬಣ್ಣ ಬದಲಾತು, ಮೊಸರ ಒಡದಂಗ ಆತು, ನಾತ ಬಂತು, ಅಂದ್ರ ಓಡಿ ಬಾ. ಉಷ್ಣ ಗಿಷ್ಣ ಅಂತ ಕೂಡಬ್ಯಾಡ.”

ಇಷ್ಟೇ. ಬಾಯಿ ಬಿಟ್ಟು ಹೇಳಲು ಎರಡು ನಿಮಿಷ ಹಿಡಿಯಿತು. ಈ ಎರಡು ನಿಮಿಷದ ಮಾತನ್ನು ಹೇಳುವವರು ಯಾರೂ ಇಲ್ಲದೆ ನಾನು ಎಷ್ಟು ಚೆಂಬು ಕೊತ್ತಂಬರಿ ನೀರು ಕುಡಿದಿದ್ದೆ!

ಆಮೇಲೆ ಅವರು ದನಿ ತಗ್ಗಿಸಿದರು. “ನಿಂದು ಬರೇ ಸೆರಗಲ್ಲ ತಂಗಿ. ಇದು ಗಂಡಸಿನ ಕಡಿಂದ ಬರೂ ರೋಗ. ಗಂಡ ಎಲ್ಲಿರ್ತಾನ?”

ಸೊಲ್ಲಾಪುರ ಅಂದೆ. ಅವರು ಅವ್ವನ ಮುಖ ನೋಡಿದರು, ಅವ್ವ ನೆಲ ನೋಡಿದಳು. ನನಗೆ ಕ್ಯಾಲೆಂಡರಿನ ಚುಕ್ಕೆಗಳ ಅರ್ಥ ಆಗ ಆಯಿತು. ಮೈಯೆಲ್ಲ ಹೊಲಸಾದಂತೆ ಅನ್ನಿಸಿತು. ಹತ್ತು ದಿನ ತವರಿನಲ್ಲೇ ಉಳಿದು ಸೂಜಿ ಮಾಡಿಸಿಕೊಂಡೆ. ಉರಿ ಹೋಯಿತು, ಹಳದಿ ಹೋಯಿತು. ಹೊರಡುವ ದಿನ ನರ್ಸಬಾಯಿ ಚೀಟಿ ಬರೆದುಕೊಟ್ಟರು. ಗಂಡನೂ ಸೂಜಿ ಮಾಡಿಸಿಕೊಳ್ಳಬೇಕು, ಅಲ್ಲಿಯವರೆಗೆ ನಾನು ಅವನ ಹತ್ತಿರ ಹೋಗಬಾರದು. “ಅಂವ ಮಾಡಿಸ್ಕೊಳ್ಳಿಲ್ಲಂದ್ರ ನಂದೂ ನಿಂದೂ ಎಲ್ಲಾ ಮಣ್ಣಪಾಲ. ಮುಂದ ಕೂಸಾದ್ರ ಅದರ ಕಣ್ಣ ಹೋಗ್ತಾವ” ಅಂದರು.

ಗಂಡ ಮುಂದಿನ ಸಲ ಬಂದಾಗ ಚೀಟಿ ಕೊಟ್ಟೆ. ಓದಿದ. ನಾಚಿಕೆಪಟ್ಟಾನೆಂದು ಕಾದೆ, ಸಿಟ್ಟಾದಾನೆಂದು ಹೆದರಿದೆ. ಎರಡೂ ಆಗಲಿಲ್ಲ. ಚೀಟಿ ಮಡಿಸುತ್ತ ಸಹಜವಾಗಿ ಅಂದ, “ನಂದು ಸೊಲ್ಲಾಪುರದಾಗ ಸೂಜಿ ಮಾಡಿಸಿ ಯಾವಾಗೋ ಆರಾಮಾಗೇತಿ. ಇದು ನಿಂದ ನೋಡ್ಕೋ.”

ಯಾವಾಗೋ! ಅಂದರೆ ಅವನಿಗೆ ಮೊದಲೇ ಗೊತ್ತಿತ್ತು. ನಾನು ಬಚ್ಚಲಲ್ಲಿ ಹಲ್ಲು ಕಚ್ಚಿ ಕೂತಿದ್ದಾಗ, ಕಹಿ ಸೊಪ್ಪು ನುಂಗಿದಾಗ, ಬಂಜೆ ಅನ್ನಿಸಿಕೊಂಡಾಗ ಅವನಿಗೆ ಗೊತ್ತಿತ್ತು. ತಾನು ಆರಾಮ ಮಾಡಿಸಿಕೊಂಡು, ಮತ್ತೆ ಅಲ್ಲೇ ಹೋಗಿ ಮತ್ತೆ ತಂದು, ನನಗೆ ಕೊಟ್ಟು ಸುಮ್ಮನಿದ್ದ. ನಾನು ಜೀವನದಲ್ಲಿ ಮೊದಲ ಸಲ ಅವನ ಮುಂದೆ ದನಿ ಎತ್ತಿದೆ. “ರೋಗ ನಿಮ್ಮದು! ನೀವು ದವಾಖಾನಿಗಿ ನಡೀರಿ, ಇಲ್ಲಂದ್ರ ನಾ ನಿಮ್ಮ ಹಾಸಗಿಗಿ ಬರಂಗಿಲ್ಲ” ಅಂದೆ.

ಅತ್ತೆ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದರು. ವಿಷಯ ಕೇಳಿ ಅವರಿಗೆ ನಿಜವಾಗಿಯೂ ನಗು ಬಂತು.

“ಹುಚ್ಚಿ ಅದೀಯೇನ? ಗಂಡಸರಿಗಿ ಎಲ್ಲೀ ಸೆರಗಬೇ? ಅಂವೇನ ಸೀರಿ ಉಡ್ತಾನೇನ?”

ಅವರು ಮೋಸದಿಂದ ಆಡಿದ ಮಾತಲ್ಲ. ಅವರಿಗೆ ಅದು ಸೂರ್ಯ ಹುಟ್ಟಿದಷ್ಟು ನಿಜ. ರೋಗದ ಹೆಸರಿನಲ್ಲೇ ಸೆರಗಿದೆ, ಸೆರಗು ಇರುವುದು ಹೆಂಗಸಿಗೆ, ಆದ್ದರಿಂದ ರೋಗ ಹೆಂಗಸಿನದು. ನಾನು ಎಷ್ಟು ಬಡಿದಾಡಿದರೂ ಆ ಒಂದು ಶಬ್ದವನ್ನು ದಾಟಿ ಅವರನ್ನು ಆಚೆ ಒಯ್ಯಲಾಗಲಿಲ್ಲ. ಗಂಡ ಬಾಗಿಲಿಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದ. ಮರುವಾರ ನನ್ನನ್ನು ತವರಿಗೆ ಬಿಟ್ಟುಹೋದರು.

ಆರು ತಿಂಗಳಿಗೆ, ಮದುವೆ ಮುರಿಯುವ ಸೋಡಚೀಟಿಗೆಂದು ಎರಡೂ ಊರಿನ ಹಿರಿಯರು ನಮ್ಮ ಕಟ್ಟೆಯ ಮೇಲೆ ಸೇರಿದರು. ‘ಹೆಣ್ಣಿಗೆ ಬಿಳಿ ಸೆರಗಿನ ರೋಗವಿದ್ದು, ಸಂತಾನವಾಗುವ ಸಂಭವ ಇಲ್ಲದ್ದರಿಂದ’ ಎಂದು ಒಬ್ಬರು ಬರೆಯುತ್ತ ಗಟ್ಟಿಯಾಗಿ ಓದಿದರು. ನಾನು ಬಾಗಿಲ ಒಳಗಿನಿಂದ, “ರೋಗ ನಂದಲ್ರಿ, ಅವರದು” ಅಂದೆ. ಯಾರೋ ಕೆಮ್ಮಿದರು. ಅಪ್ಪ ತಿರುಗಿ ನೋಡಿದ ನೋಟಕ್ಕೆ ನಾನು ಹಿಂದೆ ಸರಿದೆ. ಬರೆದದ್ದು ಹಾಗೆಯೇ ಉಳಿಯಿತು. ಕಾಗದ ಒಳಗೆ ಬಂದಾಗ ಹೆಬ್ಬೆಟ್ಟಿನ ಮಸಿಯೂ ಜೊತೆಗೆ ಬಂತು. ಅದನ್ನು ಅತ್ತ ಸರಿಸಿ ದುಂಡಗೆ ಸಹಿ ಮಾಡಿದೆ. ಅವತ್ತು ನನ್ನ ಓದಿನಿಂದ ಆದ ಉಪಯೋಗ ಅಷ್ಟು.

ಇನ್ನು ಹೇಳಬೇಕಾದ್ದು ಉಳಿದಿದೆ. ಇದನ್ನು ಹೇಳದೆ ಮೇಲಿನದನ್ನೆಲ್ಲ ಹೇಳಿದರೆ ನಾನೂ ಸುಳ್ಳುಗಾತಿಯೇ.

ಎರಡು ತಿಂಗಳಾದ ಮೇಲೆ ಮುಳವಾಡದಿಂದ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಆ ಮಗಳನ್ನು ನನ್ನ ಗಂಡನಾಗಿದ್ದವನಿಗೆ ಕೇಳಿದ್ದರು. ಹುಡುಗಿಗೆ ಹದಿನಾರೋ ಹದಿನೇಳೋ. ಹೊಸ್ತಿಲ ಹತ್ತಿರ ಕೂತು ಬಳೆ ತಿರುಗಿಸುತ್ತಿದ್ದಳು. ತಾಯಿ ನೀರು ಕುಡಿದು, ಚೆಂಬು ಕೆಳಗಿಟ್ಟು, ನೇರ ಮಾತಿಗೆ ಬಂದಳು.

“ನೀ ಸಾಲಿ ಕಲತಾಕಿ, ಖರೇ ಹೇಳ್ತಿ ಅಂತ ಬಂದೀನವ್ವಾ. ನಿನಗೇನೋ ರೋಗ ಐತಿ ಅಂದ್ರು. ಅದು ಬರೇ ನಿಂದೋ, ಏನ ಅಂವನ ಕಡಿಂದೂ ಐತೋ? ನಂದೊಂದ ಕೂಸೈತಿ ನೋಡು.”

ಎಷ್ಟು ಸ್ಪಷ್ಟವಾಗಿ ಕೇಳಿದಳು! ಹತ್ತಿರ ಹತ್ತಿರ ನಾಲ್ಕು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವರು ಆ ನರ್ಸಬಾಯಿ ಬಿಟ್ಟರೆ ಅವಳೊಬ್ಬಳೇ. ಆದರೆ ನನ್ನೊಳಗೆ ವಿಷ ತುಂಬಿತ್ತು. ನಾನು ಹೇಳಿದಾಗ ಯಾರು ಕೇಳಿದರು? ಹಿರಿಯರ ಮುಂದೆ ಕೂಗಿದಾಗ ಕೆಮ್ಮಿದರು. ಮೂರು ತಾಲೂಕಿನವರು ನನ್ನ ಮೈಯ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸಿ ಆಗಿದೆ, ಈಗ ಇವಳ ಮಗಳನ್ನು ಕಾಪಾಡಲು ನಾನು ಮತ್ತೆ ಬಟ್ಟೆ ಬಿಚ್ಚಬೇಕೇ? ಇನ್ನೂ ಕೆಟ್ಟದ್ದನ್ನು ಹೇಳುತ್ತೇನೆ. ಆ ಹುಡುಗಿ ಚೆಲುವೆಯಿದ್ದಳು. ಅವಳೂ ಅನುಭವಿಸಲಿ ಎಂದು ಒಂದು ಗಳಿಗೆ ಅನ್ನಿಸಿತು.

“ಎಲ್ಲಾ ಕಾಗದದಾಗ ಬರದಾರಲ್ರಿ,” ಅಂದೆ. “ಓದಿಸಿಕೊಳ್ಳಿ ಹೋಗ್ರಿ.”

ಅವಳಿಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಓದಿಸಿಕೊಂಡರೂ ಅದರಲ್ಲಿರುವುದು ಸುಳ್ಳೆಂದೂ ಗೊತ್ತಿತ್ತು. ಅವಳು, ರೋಗ ಇವಳದೇ, ಅದಕ್ಕೇ ಮಾತಿನಲ್ಲಿ ಇಷ್ಟು ಉರಿ ಎಂದು ತಿಳಿದಿರಬೇಕು, ಸಮಾಧಾನದ ಮುಖ ಮಾಡಿಕೊಂಡು ಎದ್ದಳು. “ಬರ್ತೇವವ್ವಾ” ಎಂದು ಇಬ್ಬರೂ ಹೋದರು. ಅವ್ವ ಒಲೆಯ ಮುಂದೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡು ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿದಳು.

ಮುಂದೆ ನಾನು ಟ್ರೇನಿಂಗು ಮುಗಿಸಿ ಮುದ್ದೇಬಿಹಾಳದ ಸಾಲಿಯಲ್ಲಿ ಅಕ್ಕೋರಾದೆ. ದೊಡ್ಡ ಹುಡುಗಿಯರನ್ನು ಶನಿವಾರ ಒಂದು ಖೋಲಿಯಲ್ಲಿ ಕೂಡಿಸಿ, ನರ್ಸಬಾಯಿ ಹೇಳಿದ್ದನ್ನೆಲ್ಲ ಹೇಳುತ್ತಿದ್ದೆ: ನೀರು ಕುಡಿಯಿರಿ, ತಡೆದುಕೊಳ್ಳಬೇಡಿ, ಬಟ್ಟೆ ಬಿಸಿಲಿಗೇ ಒಣಹಾಕಿ, ಬಣ್ಣ ಕೆಟ್ಟರೆ, ವಾಸನೆ ಬಂದರೆ ಅವ್ವನಿಗೆ ಹೇಳಿ, ಅವ್ವ ಕೇಳದಿದ್ದರೆ ನನಗೆ ಹೇಳಿ. ಹುಡುಗಿಯರು ಮುಖ ಮುಚ್ಚಿಕೊಂಡು ನಗುತ್ತಿದ್ದರು. ಹೊಲಸು ಕಲಿಸುತ್ತಾಳೆ ಎಂದು ಒಬ್ಬ ತಂದೆ ಬಂದು ಜಗಳ ತೆಗೆದ. ಅವನಿಗೆ ಎರಡು ಮಾತು ಕೊಟ್ಟು ಕಳಿಸಿದೆ. ಧೈರ್ಯವಂತೆ ಅಕ್ಕೋರು ಅಂತ ಹೆಸರೂ ಬಂತು. ನಾನೂ ಅದನ್ನು ನಂಬಿದ್ದೆ.

ಒಂದು ಸೋಮವಾರ ತವರಿನಿಂದ ಹೊರಟು ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬಳು ಬಂದು ಕೂತಳು, ಸೊಂಟದಲ್ಲಿ ಎರಡು ವರ್ಷದ ಹೆಣ್ಣುಕೂಸು. ಕೂಸು ನನ್ನ ಬಳೆಯ ಸಪ್ಪಳಕ್ಕೆ ಕೈಚಾಚಿತು. ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡೆ. ಮುಖ ಇತ್ತ ತಿರುಗಿಸಿದಾಗ ಕಂಡೆ, ಎರಡೂ ಕಣ್ಣಿನ ಮೇಲೆ ಬಿಳಿ ಪೊರೆ.

“ಗುರುತು ಸಿಕ್ಕಿತೇನ್ರಿ ಅಕ್ಕಾರ?” ಅಂದಳು ತಾಯಿ. “ಮುಳವಾಡದಾಕಿ ನಾ. ನಮ್ಮವ್ವ ನಿಮ್ಮ ಮನಿಗಿ ಕರಕೊಂಡ ಬಂದಿದ್ಲು.”

ಬಳೆ ತಿರುಗಿಸುತ್ತಿದ್ದ ಕೈಯಿಂದ ಅವಳನ್ನು ಗುರುತಿಸಬೇಕಾಯಿತು, ಮುಖ ಅಷ್ಟು ಇಳಿದಿತ್ತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಹುಟ್ಟಿದ ಮೂರನೇ ದಿನಕ್ಕ ಕಣ್ಣ ಬಾತು ಕೀವು ಸುರೀತ್ರಿ. ಸೂಲಗಿತ್ತಿ ಎದಿಹಾಲ ಹಿಂಡಿದ್ಲು, ಕಡಿಮಿ ಆಗಲಿಲ್ಲ. ಇವತ್ತ ಇಲ್ಲಿ ದವಾಖಾನಿಗಿ ತೋರಿಸಿದೆ. ನರ್ಸಬಾಯಾರ ಅಂದ್ರು, ಕೂಸಿಗಿ ಅದು ನನ್ನಿಂದ ಬಂತಂತ, ನನಗ ನಮ್ಮ ಮನಿಯವರಿಂದ ಬಂತಂತ. ಹುಟ್ಟಿದ ದಿನಾನ ಔಷಧ ಹಾಕಿದ್ರ ಕಣ್ಣ ಉಳೀತಿದ್ವಂತ.” ಆಮೇಲೆ ಕೇಳಿದಳು, “ನಮ್ಮವ್ವ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು” ಅಂದೆ.

ಮುಂದೇನಾದರೂ ಹೇಳಿಯೇನೆಂದು ಅವಳು ಕಾದಳು. ಹಿರಿಯರು ಕೆಮ್ಮಿದ್ದು, ಅತ್ತೆ ನಕ್ಕಿದ್ದು, ನನಗಾದ ಅನ್ಯಾಯ, ಎಲ್ಲ ಬಾಯಿಯವರೆಗೆ ಬಂದು ನಿಂತವು. ಆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅವುಗಳಲ್ಲಿ ಒಂದನ್ನೂ ಹೇಳಲಾಗಲಿಲ್ಲ. ಅವಳು ಕೂಸಿನ ಬೆರಳುಗಳನ್ನು ಒಂದೊಂದಾಗಿ ನನ್ನ ಬಳೆಯಿಂದ ಬಿಡಿಸಿ, ಎತ್ತಿಕೊಂಡು, ಅತ್ತ ದೂರದ ಕಟ್ಟೆಗೆ ಹೋಗಿ ಕೂತಳು. ನನ್ನ ಬಸ್ಸು ಬಂತು, ಹತ್ತಿ ಕಿಟಕಿಯ ಹತ್ತಿರ ಕೂತೆ. ಅವಳು ಈ ಕಡೆ ನೋಡಲಿಲ್ಲ. ಕೂಸು ನೋಡುವಂತಿರಲಿಲ್ಲ.